ಜನ್ನನ ಯಶೋಧರ ಚರಿತೆಯಲ್ಲಿ ಅಷ್ಟಾವಂಕ: ಕಿರುಪಾತ್ರವೊಂದರ ಕಾರ್ಯ

1

ಹಳಗನ್ನಡ ಕಾವ್ಯಗಳ ಪಾತ್ರವಿಮರ್ಶೆಯು ಬಹುಮಟ್ಟಿಗೆ ನಾಯಕ, ಪ್ರತಿನಾಯಕ, ನಾಯಿಕೆ ಎಂಬ ಮೂರು ನೆಲೆಗಳ ಸುತ್ತ ಬೆಳೆದು ಬಂದಿದೆ. ಪಂಪನ ಕರ್ಣ, ರನ್ನನ ದುರ್ಯೋಧನ, ನಾಗಚಂದ್ರನ ರಾವಣ ಇವರನ್ನು ಕುರಿತು ಪೀಳಿಗೆಯಿಂದ ಪೀಳಿಗೆಗೆ ಚರ್ಚೆ ನಡೆದಿದೆ. ಜನ್ನನ ಯಶೋಧರ ಚರಿತೆಯ ವಿಷಯದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಅಮೃತಮತಿಯ ಒಲವು ವಿಧಿಯ ಲೀಲೆಯೋ ಮನಸ್ಸಿನ ಚಪಲವೋ, ಯಶೋಧರನ ತಾಳ್ಮೆ ಹಿರಿದೋ ದುರ್ಬಲವೋ, ಸಂಕಲ್ಪಹಿಂಸೆಗೆ ಕಾವ್ಯದಲ್ಲಿ ದೊರೆತ ಫಲ ನ್ಯಾಯವಾದುದೋ ಅಲ್ಲವೋ ಎಂಬ ಪ್ರಶ್ನೆಗಳೇ ವಿಮರ್ಶೆಯ ಬಹುಭಾಗವನ್ನು ಆವರಿಸಿಕೊಂಡಿವೆ. ಈ ಪ್ರಶ್ನೆಗಳೆಲ್ಲವೂ ಹುಟ್ಟುವುದಕ್ಕೆ ಕಾರಣನಾದ ವ್ಯಕ್ತಿಯೊಬ್ಬನು ಮಾತ್ರ ಚರ್ಚೆಯ ಅಂಚಿನಲ್ಲಿಯೇ ಉಳಿದಿದ್ದಾನೆ. ಅವನು ಉಜ್ಜಯಿನಿಯ ಅರಮನೆಯ ಗಜಶಾಲೆಯ ಮಾವುತ, ಅಷ್ಟಾವಂಕ.

ಕಾವ್ಯದಲ್ಲಿ ಇವನಿಗೆ ದೊರೆತಿರುವ ಎಡೆ ತೀರ ಕಿರಿದು. ಮುನ್ನೂರಕ್ಕೂ ಹೆಚ್ಚು ಪದ್ಯಗಳಿರುವ, ನಾಲ್ಕು ಅವತಾರಗಳ ಈ ಕೃತಿಯಲ್ಲಿ ಅವನು ಮೊದಲು ಹಾಡಾಗಿ ಕೇಳಿಸುತ್ತಾನೆ; ಅನಂತರ ದೂತಿಯ ಬಾಯಲ್ಲಿ ರೂಪವಾಗಿ ವರ್ಣಿತನಾಗುತ್ತಾನೆ; ಒಂದು ಇರುಳು ಯಶೋಧರನ ಕಣ್ಣೆದುರು ಅಮೃತಮತಿಯನ್ನು ಹೊಡೆಯುತ್ತಾನೆ; ಮುಂದೆ ನವಿಲಾಗಿ ಹುಟ್ಟಿದ ಯಶೋಧರನ ಸಿಟ್ಟಿಗೆ ಗುರಿಯಾಗುತ್ತಾನೆ. ಕಥೆಯ ಹೊರಮೈಯನ್ನಷ್ಟೆ ನೋಡಿದರೆ ಇವನ ಕೆಲಸ ಇಷ್ಟರಲ್ಲಿಯೇ ಮುಗಿಯಿತು. ಆದರೆ ಕಾವ್ಯದ ಹೆಣಿಗೆಯನ್ನು ಪರಿಶೀಲಿಸಿದಾಗ ಈ ಪಾತ್ರವು ಕೃತಿಯ ಕೇಂದ್ರತತ್ತ್ವವಾದ ಸಂಕಲ್ಪಹಿಂಸೆಯ ವಿಚಾರಕ್ಕೆ ಆಧಾರವಾಗಿ ನಿಂತಿರುವುದು ತಿಳಿಯುತ್ತದೆ. ಕೊಲ್ಲದೆ ಬಿಟ್ಟ ಮಾವುತ, ಕೊಯ್ದ ಹಿಟ್ಟಿನ ಹುಂಜ ಇವೆರಡೂ ಒಂದೇ ವಾದದ ಎರಡು ಭಾಗಗಳೆಂಬುದನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಯಶೋಧರನ ಕಥೆ ಜೈನ ಪರಂಪರೆಯಲ್ಲಿ ಬಹು ಪ್ರಸಿದ್ಧವಾದುದು. ಸೋಮದೇವಸೂರಿಯ ಯಶಸ್ತಿಲಕ ಚಂಪು (959), ಪುಷ್ಪದಂತನ ಅಪಭ್ರಂಶ ಜಸಹರಚರಿಉ, ವಾದಿರಾಜನ ಸಂಸ್ಕೃತ ಯಶೋಧರ ಚರಿತ ಇವು ಜನ್ನನಿಗಿಂತ ಹಿಂದಿನವು. ಜನ್ನನು ಕಥಾಸರಣಿಯಲ್ಲಿ ಬಹುಮಟ್ಟಿಗೆ ವಾದಿರಾಜನನ್ನು ಅನುಸರಿಸಿದ್ದಾನೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಆದುದರಿಂದ ಮಾವುತನ ಪಾತ್ರ ಜನ್ನನ ಸ್ವಂತ ಸೃಷ್ಟಿಯೆಂದು ಹೇಳಲಾಗದು. ಪರಂಪರೆಯಿಂದ ಬಂದ ಆ ಪಾತ್ರವನ್ನು ಕಂದಪದ್ಯದ ಕಿರಿದಾದ ಅಳತೆಯಲ್ಲಿ ಅವನು ಹೇಗೆ ನಿಲ್ಲಿಸಿದನೆಂಬುದೇ ಇಲ್ಲಿ ವಿಚಾರಾರ್ಹ.

ಕಾವ್ಯದ ರಚನೆ 1209ರಲ್ಲಿ. ಜನ್ನನು ಹೊಯ್ಸಳ ವೀರಬಲ್ಲಾಳನ (1173–1220) ಆಶ್ರಯದಲ್ಲಿದ್ದು ಅವನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದವನು; 1230ರಲ್ಲಿ ಅನಂತನಾಥ ಪುರಾಣವನ್ನು ರಚಿಸಿದವನು. ದೋರಸಮುದ್ರದ ವಿಜಯಪಾರ್ಶ್ವ ಜಿನಾಲಯಕ್ಕೆ ಅವನು ದ್ವಾರವನ್ನು ಕಟ್ಟಿಸಿದನೆಂದು ಕವಿಚರಿತೆಕಾರರು ಗುರುತಿಸಿದ್ದಾರೆ. ಈಗಿನ ಹಳೇಬೀಡೇ ಅಂದಿನ ದೋರಸಮುದ್ರ. ವಿಷ್ಣುವರ್ಧನನ ಕಾಲದಲ್ಲಿ, 1133ರಲ್ಲಿ, ಗಂಗರಾಜನ ಮಗ ಬೊಪ್ಪನು ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿಯ ಬಸದಿಹಳ್ಳಿಯಲ್ಲಿ ಇಂದಿಗೂ ನಿಂತಿದೆ. ಅದೇ ಸೀಮೆಯ ಅರಸೀಕೆರೆಯಲ್ಲಿ 1220ರಲ್ಲಿ ರೇಚರಸನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಆ ಊರಿನ ಪ್ರಸಿದ್ಧ ಈಶ್ವರ ದೇವಾಲಯವೂ ಅದೇ ಕಾಲಕ್ಕೆ ಸೇರಿದುದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಷ್ಟು ಹಿಂದಿನದು. ಹೀಗೆ ಜೈನ, ಶೈವ, ವೈಷ್ಣವ ಆರಾಧನೆಗಳು ಒಂದೇ ಅರಸುಮನೆತನದ ಆಶ್ರಯದಲ್ಲಿ ಅಕ್ಕಪಕ್ಕದಲ್ಲಿ ಬೆಳೆಯುತ್ತಿದ್ದ ನೆಲದಲ್ಲಿ ಯಶೋಧರ ಚರಿತೆ ರಚಿತವಾಯಿತು. ಯುದ್ಧ, ಆನೆ, ಕತ್ತಿ, ಬಿರುದು ಇವು ನಿತ್ಯದ ಮಾತಾಗಿದ್ದ ಅರಮನೆಯ ಕವಿಯೊಬ್ಬನು ಮೇಲೆತ್ತಿದ ಕತ್ತಿ ಕೆಳಗಿಳಿಯುವ ಕ್ಷಣವನ್ನು ತನ್ನ ಕಾವ್ಯದ ಮರ್ಮಸ್ಥಾನದಲ್ಲಿ ಇರಿಸಿದನೆಂಬುದು ಗಮನಾರ್ಹ.

3

ಕಿರುಪಾತ್ರವೊಂದು ಭೀಕರ ಕಥೆಯಲ್ಲಿ ಮಾಡುವ ಕೆಲಸವೇನೆಂಬ ಪ್ರಶ್ನೆಯನ್ನು ಇಂಗ್ಲಿಷಿನ ಗಾಥಿಕ್ ಕಾದಂಬರಿಗಳ ವಿಮರ್ಶೆ ಬಹುಕಾಲದಿಂದ ಎತ್ತುತ್ತ ಬಂದಿದೆ. ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರಲ್ಲಿ ಪ್ರಕಟವಾಯಿತು. ಅದರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ವಾಲ್ಪೋಲನು ತನ್ನ ಕಥೆಯ ಆಳುಕಾಳುಗಳ ಸರಳ ನಡೆನುಡಿಗಳನ್ನು ಷೇಕ್ಸ್‌ಪಿಯರನ ಮೇಲ್ಪಂಕ್ತಿಯನ್ನು ತೋರಿಸಿ ಸಮರ್ಥಿಸಿಕೊಳ್ಳಬೇಕಾಯಿತು. ಒಡೆಯರ ಗಾಂಭೀರ್ಯಕ್ಕೆ ಆಳುಗಳ ಬೆದರಿಕೆ, ಹರಟೆಗಳು ಎದುರಾಗಿ ನಿಂತಾಗ ಎರಡೂ ಎದ್ದು ಕಾಣುತ್ತವೆ ಎಂಬುದು ಅವನ ವಾದದ ಸಾರ. ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897) ಕಾದಂಬರಿಯಲ್ಲಿ ರೆನ್‌ಫೀಲ್ಡ್ ಎಂಬ ಹುಚ್ಚಾಸ್ಪತ್ರೆಯ ರೋಗಿ ಇದಕ್ಕಿಂತ ಗಹನವಾದ ಕೆಲಸವನ್ನು ನಿರ್ವಹಿಸುತ್ತಾನೆ. ನೊಣ, ಜೇಡ, ಹಕ್ಕಿಗಳನ್ನು ತಿನ್ನುವ ಅವನ ವಿಕಾರವು ಮುಂದೆ ಬರಲಿರುವ ಕೇಡಿನ ಸೂಚನೆಯಾಗಿರುತ್ತದೆ. ಒಳಗಿನವರು ಯಾರಾದರೂ ಕರೆಯದೆ ಡ್ರಾಕುಲಾ ಮನೆಯನ್ನು ಪ್ರವೇಶಿಸಲಾರನೆಂಬುದು ಆ ಕಥೆಯ ನಿಯಮ. ಆಸ್ಪತ್ರೆಯೊಳಕ್ಕೆ ಅವನನ್ನು ಬರಮಾಡಿಕೊಳ್ಳುವವನು ರೆನ್‌ಫೀಲ್ಡನೇ. ಕಡೆಗೆ ಮೀನಾಳ ಮೇಲಣ ಕನಿಕರದಿಂದ ಒಡೆಯನನ್ನೇ ಎದುರಿಸಿ ಸಾಯುವವನೂ ಅವನೇ. ಹೊರಗಿನ ಕೇಡು ಒಳಗೆ ಬರುವುದಕ್ಕೆ ಒಂದು ಬಿರುಕು ಬೇಕು. ಗಾಥಿಕ್ ಕಥೆಯಲ್ಲಿ ಕಿರುಪಾತ್ರವು ಹಲವು ಸಲ ಆ ಬಿರುಕಾಗುತ್ತದೆ.

ಹದಿಮೂರನೆಯ ಶತಮಾನದ ಜೈನಕಾವ್ಯವೊಂದನ್ನು ಗಾಥಿಕ್ ಎಂದು ಕರೆಯುವುದು ಉಚಿತವಲ್ಲ. ಗಾಥಿಕ್ ಕಾದಂಬರಿ ಯುರೋಪಿನ ಒಂದು ನಿರ್ದಿಷ್ಟ ಕಾಲದ, ನಿರ್ದಿಷ್ಟ ಮನೋಧರ್ಮದ ಪ್ರಕಾರ. ಆದರೂ ಯಶೋಧರ ಚರಿತೆಯ ಸಾಮಗ್ರಿಯನ್ನು ಕಂಡಾಗ ಹೋಲಿಕೆ ತಾನಾಗಿ ಮೂಡುತ್ತದೆ. ನರಬಲಿಗೆ ಸಜ್ಜಾದ ಚಂಡಮಾರಿಯ ಗುಡಿ, ಆ ಬಲಿಯ ಜಾತ್ರೆಗೆ ತೊಡಗಿಸಿಕೊಂಡಂತೆ ಬರುವ ವಸಂತ, ಇರುಳಿನ ಅರಮನೆ, ಕತ್ತಲಲ್ಲಿ ಕೇಳುವ ಹಾಡು, ಗಂಡನ ಹೆಜ್ಜೆಯ ಬೆನ್ನಟ್ಟುವಿಕೆ, ಕೂಗುವ ಹಿಟ್ಟಿನ ಹುಂಜ, ವಿಷದ ಊಟ, ಜನ್ಮಜನ್ಮಗಳಲ್ಲಿ ಹಿಂಬಾಲಿಸುವ ಕರ್ಮ ಇವೆಲ್ಲ ಒಂದೇ ಕೃತಿಯಲ್ಲಿ ಕೂಡಿಬಂದಿವೆ. ಎರಡು ಪರಂಪರೆಗಳಿಗೂ ಇರುವ ಭೇದವೇ ಇಲ್ಲಿ ಹೆಚ್ಚು ಉಪಯುಕ್ತವಾದುದು. ಗಾಥಿಕ್ ಕಾದಂಬರಿಯಲ್ಲಿ ಕೇಡು ಹೊರಗಿನಿಂದ ಬರುತ್ತದೆ, ಕಿರುಪಾತ್ರ ಬಾಗಿಲು ತೆರೆಯುತ್ತದೆ. ಜನ್ನನಲ್ಲಿ ಕೇಡು ಮೊದಲಿನಿಂದಲೂ ಮನಸ್ಸಿನೊಳಗೇ ಇದೆ. ಕಿರುಪಾತ್ರವು ಅದನ್ನು ಹೊರಗೆ ತಂದು ತೋರಿಸುತ್ತದೆ.

4

ಅಷ್ಟಾವಂಕನು ಕಾವ್ಯವನ್ನು ಪ್ರವೇಶಿಸುವುದು ದನಿಯ ಮೂಲಕ. ಯಶೋಧರ ಅಮೃತಮತಿಯರು ಒಟ್ಟಿಗೆ ಮಲಗಿರುವ ಇರುಳು, ಬೆಳಗಾಗುವ ಮುನ್ನ, ಅರಮನೆಗೆ ಸಮೀಪದ ಗಜಶಾಲೆಯಿಂದ ಮಾವುತನ ಹಾಡು ತೇಲಿಬರುತ್ತದೆ. ಅಮೃತಮತಿ ಎಚ್ಚತ್ತು ಕೇಳುತ್ತಾಳೆ. ಹಾಡಿದವನನ್ನು ಕಾಣದೆಯೇ ಮನಸ್ಸನ್ನು ಅವನಿಗೆ ತೆತ್ತುಬಿಡುತ್ತಾಳೆ. ಅವಳ ಒಲವಿಗೆ ಇರುವ ಏಕೈಕ ಆಧಾರ ಆ ನಾದ. ಹಾಡುಗಾರನು ಅವಳಿಗಾಗಿ ಹಾಡಿದವನಲ್ಲವೆಂಬುದೂ ಇಲ್ಲಿ ಮುಖ್ಯ. ಆನೆಗಳ ನಡುವೆ ಇರುಳು ಕಳೆಯುವ ದುಡಿಮೆಗಾರನೊಬ್ಬನ ಹಾಡು ಅದು. ಅದನ್ನು ಕರೆಯೋಲೆಯಾಗಿ ಮಾಡಿಕೊಂಡುದು ಕೇಳಿದವಳ ಮನಸ್ಸು. ಬಲೆ ಬೀಸುವ ಜಾರನ ಪಾತ್ರ ಭಾರತೀಯ ಕಥಾಸಾಹಿತ್ಯದಲ್ಲಿ ಹೇರಳವಾಗಿ ದೊರೆಯುತ್ತದೆ. ಅಷ್ಟಾವಂಕನು ಆ ಸಾಲಿಗೆ ಸೇರುವುದಿಲ್ಲ.

ಈ ದನಿಯನ್ನು ಮುಂದಿನ ಕಥೆಯ ಇನ್ನೆರಡು ದನಿಗಳೊಡನೆ ಇರಿಸಿ ನೋಡಬೇಕು. ಯಶೋಧರನು ಚಂಡಿಕೆಯ ಮುಂದೆ ಹಿಟ್ಟಿನ ಹುಂಜವನ್ನು ಕೊಯ್ದಾಗ ಜೀವವಿಲ್ಲದ ಆ ಹುಂಜ ಕೂಗುತ್ತದೆ. ಬೆಂತರವೊಂದು ಅದರೊಳಗೆ ಸೇರಿಕೊಂಡಿರುತ್ತದೆ. ಹಲವು ಜನ್ಮಗಳ ಅನಂತರ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಕೋಳಿಗಳಾಗಿ ಹುಟ್ಟಿ, ಧರ್ಮಶ್ರವಣದ ಸಂತೋಷದಲ್ಲಿ ಕೂಗಿದಾಗ, ಯಶೋಧರನ ಮಗ ಯಶೋಮತಿಯು ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ಆ ದನಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ. ಮೊದಲ ದನಿಗೆ ಅಮೃತಮತಿ ಸೋಲುತ್ತಾಳೆ. ಎರಡನೆಯ ದನಿಗೆ ಯಶೋಧರನು ನಡುಗುತ್ತಾನೆ. ಮೂರನೆಯ ದನಿಗೆ ಯಶೋಮತಿ ಬಾಣ ಹೂಡುತ್ತಾನೆ. ಮೂರು ಸಂದರ್ಭಗಳಲ್ಲಿಯೂ ಕಾಣದ ಒಂದು ದನಿಯ ಮೇಲೆ ಕೇಳಿದವರ ಮನಸ್ಸು ತನ್ನದೇ ಆದ ಕ್ರಿಯೆಯನ್ನು ಹೇರುತ್ತದೆ. ಅಷ್ಟಾವಂಕನ ಹಾಡನ್ನು ಈ ಸರಣಿಯ ಮೊದಲ ಕೊಂಡಿಯಾಗಿ ಓದಿದಾಗ ಅದರ ಸ್ಥಾನ ಸ್ಪಷ್ಟವಾಗುತ್ತದೆ. ಹೊರಗಿನ ವಸ್ತು ನಿಮಿತ್ತಮಾತ್ರ, ಬಂಧಕ್ಕೆ ಕಾರಣ ಭಾವ ಎಂಬ ಜೈನತತ್ತ್ವವನ್ನು ಕವಿಯು ಹುಂಜದ ಪ್ರಸಂಗಕ್ಕಿಂತ ಬಹು ಮೊದಲೇ, ಒಲವಿನ ನೆಲೆಯಲ್ಲಿ, ಓದುಗನ ಕಿವಿಗೆ ಮುಟ್ಟಿಸಿದ್ದಾನೆ.

5

ದನಿಯಾಗಿ ಬಂದವನಿಗೆ ಮೈ ದೊರೆಯುವುದು ದೂತಿಯ ವರದಿಯಲ್ಲಿ. ಅಮೃತಮತಿಯ ಅಪ್ಪಣೆಯಂತೆ ಹಾಡುಗಾರನನ್ನು ನೋಡಿ ಬಂದ ಅವಳು ಅವನ ಒಂದೊಂದು ಅಂಗದ ವಿಕಾರವನ್ನು ಹೇಸಿಕೆಯಿಂದ ಎಣಿಸಿ ಹೇಳುತ್ತಾಳೆ. ಅಷ್ಟಾವಂಕ ಎಂಬುದಾದರೂ ತಾಯಿತಂದೆಯರು ಪ್ರೀತಿಯಿಂದ ಇಟ್ಟ ಹೆಸರಿನಂತೆ ಕೇಳಿಸುವುದಿಲ್ಲ. ಎಂಟು ಕಡೆ ಸೊಟ್ಟಗಾದವನೆಂದು ನೋಡಿದವರು ಕಟ್ಟಿದ ಗುರುತಿನಂತಿದೆ. ಪುರಾಣದ ಅಷ್ಟಾವಕ್ರ ಮುನಿಗೆ ಅಂಥದೇ ಮೈಯಿದ್ದರೂ ಅವನ ಜ್ಞಾನವು ಜನಕನ ಸಭೆಯಲ್ಲಿ ಮನ್ನಣೆ ಪಡೆಯಿತು. ಮಾವುತನ ಗಾನಕ್ಕೆ ಅಂಥ ಸಭೆ ದೊರೆಯಲಿಲ್ಲ. ಅವನ ವಿದ್ಯೆಗೆ ಇದ್ದ ಶ್ರೋತೃ ಒಬ್ಬಳೇ. ಅವಳು ಕೇಳಿದುದೂ ಕಳವಿನಲ್ಲಿ.

ದೂತಿಯ ಮಾತಿಗೆ ಅಮೃತಮತಿಯು ಕೊಡುವ ಉತ್ತರ, ಒಲವು ಹುಟ್ಟಿದ ಮೇಲೆ ರೂಪದ ಲೆಕ್ಕಾಚಾರಕ್ಕೆ ಎಡೆಯಿಲ್ಲವೆಂಬುದು, ಕನ್ನಡ ವಿಮರ್ಶೆಯಲ್ಲಿ ಸಾಕಷ್ಟು ಚರ್ಚಿತವಾಗಿದೆ. ಅದಕ್ಕಿಂತ ಕಡಮೆ ಚರ್ಚೆಗೆ ಬಂದಿರುವ ಸಂಗತಿಯೆಂದರೆ ಇಡೀ ಕಥೆಯನ್ನು ಹೇಳುತ್ತಿರುವವನು ಯಾರೆಂಬುದು. ರಾಜಪುರದ ಮಾರಿದತ್ತನು ಬಲಿಗೊಡಲೆಂದು ತರಿಸಿದ ಅಭಯರುಚಿಯು ಅವನಿಗೆ ಈ ಕಥೆಯನ್ನು ಹೇಳುತ್ತಾನೆ. ಹಿಂದಿನ ಭವವೊಂದರಲ್ಲಿ ಯಶೋಧರನಾಗಿದ್ದ ಜೀವವೇ ಅಭಯರುಚಿ. ಚಂದ್ರಮತಿಯಾಗಿದ್ದ ಜೀವವೇ ಅವನ ತಂಗಿ ಅಭಯಮತಿ. ಎಂದ ಮೇಲೆ ಅಷ್ಟಾವಂಕನನ್ನು ಕುರಿತು ಓದುಗನಿಗೆ ತಿಳಿಯುವುದೆಲ್ಲವೂ ವಂಚಿತನಾದ ಗಂಡನ ಸಾಕ್ಷ್ಯದಿಂದ. ಅವನ ಕುರೂಪದ ಪಟ್ಟಿ ದೂತಿಯದಾದರೂ ಅದನ್ನು ನೆನೆದು ಹೇಳುವ ಬಾಯಿ ಯಶೋಧರನದು.

ಈ ಅಂಶವನ್ನು ಗಮನಿಸಿದಾಗ ಎರಡು ವಿಷಯಗಳು ಹೊರಪಡುತ್ತವೆ. ಮೊದಲನೆಯದು, ಮಾವುತನ ಪರವಾಗಿ ಮಾತನಾಡುವ ದನಿ ಕಾವ್ಯದಲ್ಲಿ ಅಮೃತಮತಿಯದನ್ನು ಬಿಟ್ಟರೆ ಬೇರೆ ಇಲ್ಲ. ಅವನ ಹುಟ್ಟು, ಬಾಳು, ಆಸೆ, ಅಂಜಿಕೆಗಳಿಗೆ ಕವಿ ಪದ್ಯಗಳನ್ನು ಮೀಸಲಿಟ್ಟಿಲ್ಲ. ಮೈಯ ಅಂದವನ್ನು ಕುಲದೊಡನೆಯೂ ಕುರೂಪವನ್ನು ಕೀಳು ದುಡಿಮೆಯೊಡನೆಯೂ ಜೋಡಿಸುವ ಆ ಕಾಲದ ಶಿಷ್ಟರ ರುಚಿಯನ್ನು ಕಾವ್ಯವು ಇಲ್ಲಿ ಪ್ರಶ್ನಿಸದೆ ಉಪಯೋಗಿಸಿಕೊಂಡಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಎರಡನೆಯದು, ಇಷ್ಟು ಪ್ರತಿಕೂಲವಾದ ಸಾಕ್ಷ್ಯದಲ್ಲಿಯೂ ಆ ಹಾಡಿನ ಇಂಪನ್ನು ಅಲ್ಲಗಳೆದಿಲ್ಲ. ಗಂಡನ ಜೀವ ಜನ್ಮಾಂತರಗಳನ್ನು ದಾಟಿ ಬಂದು ಹೇಳುವಾಗಲೂ ಹಾಡು ಇಂಪಾಗಿಯೇ ಉಳಿದಿದೆ. ದ್ವೇಷ ಕರಗಿದ ಜೀವ ಮಾತ್ರ ಇಂಥ ಸಾಕ್ಷ್ಯವನ್ನು ನುಡಿಯಬಲ್ಲದು. ಅಭಯರುಚಿಯ ವೈರಾಗ್ಯಕ್ಕೆ ಅವನ ಉಪದೇಶದ ಮಾತುಗಳಷ್ಟೇ ಪ್ರಬಲವಾದ ಪ್ರಮಾಣ ಈ ಚಿಕ್ಕ ಪ್ರಾಮಾಣಿಕತೆಯಲ್ಲಿದೆ.

6

ಅಷ್ಟಾವಂಕನ ಪಾತ್ರದ ಪರೀಕ್ಷಾಸ್ಥಳ ಇರುಳಿನ ಭೇಟಿಯ ಪ್ರಸಂಗ. ಮಡದಿಯ ನಡೆಯಲ್ಲಿ ಅನುಮಾನಗೊಂಡ ಯಶೋಧರನು ಕತ್ತಿ ಹಿಡಿದು ಅವಳನ್ನು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತನು ಅವಳ ಮುಡಿ ಹಿಡಿದೆಳೆದು ಹೊಡೆಯುತ್ತಾನೆ. ಅವಳು ಅದನ್ನೆಲ್ಲ ಸಹಿಸಿ, ಅರಸನಿಂದಾಗಿ ತಡವಾಯಿತೆಂದು ಅವನನ್ನು ಸಂತೈಸುತ್ತಾಳೆ. ಯಶೋಧರನು ಕತ್ತಿಯನ್ನೆತ್ತುತ್ತಾನೆ, ಮರುಕ್ಷಣದಲ್ಲಿ ತಡೆದುಕೊಂಡು ಹಿಂದಿರುಗುತ್ತಾನೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಯಶೋಧರನ ಕ್ಷಮೆಗೆ ನಿದರ್ಶನವಾಗಿ ಎತ್ತಿ ತೋರಿಸುವುದುಂಟು. ಕತ್ತಿ ತಡೆದುದಕ್ಕೆ ಅವನ ಮನಸ್ಸಿನಲ್ಲಿ ಮೂಡುವ ಕಾರಣವನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದು ಕಷ್ಟ. ಶತ್ರುರಾಜರ ಮೇಲೆ ಎರಗಬೇಕಾದ ಕತ್ತಿಯನ್ನು ಇಂಥ ಅಲ್ಪರ ಮೇಲೆ ಪ್ರಯೋಗಿಸುವುದೇ ಎಂಬ ಯೋಚನೆ ಅವನನ್ನು ತಡೆಯುತ್ತದೆ. ಇದು ವೀರನ ಘನತೆಯ ಲೆಕ್ಕ. ಮಾವುತನೂ ಒಂದು ಜೀವ, ಅದಕ್ಕೆ ನೋವುಂಟು ಎಂಬ ಭಾವ ಆ ಲೆಕ್ಕದಲ್ಲಿ ಸೇರಿಲ್ಲ. ಅಷ್ಟಾವಂಕನು ಬದುಕಿ ಉಳಿದದ್ದು ತಿರಸ್ಕಾರದಿಂದ, ಕರುಣೆಯಿಂದಲ್ಲ. ಕೊಲೆ ತಪ್ಪಿತು, ಕೊಲ್ಲುವ ಮನಸ್ಸು ತೃಪ್ತಿಯಿಲ್ಲದೆ ಉಳಿಯಿತು.

ಆ ಮನಸ್ಸು ಮುಂದೆ ಹಿಡಿದ ದಾರಿಯನ್ನು ಕವಿಯು ಕ್ರಮವಾಗಿ ತೋರಿಸಿದ್ದಾನೆ. ಮರುದಿನ ಯಶೋಧರನು ವಿನೋದದ ನೆಪದಲ್ಲಿ ಅಮೃತಮತಿಯನ್ನು ನೈದಿಲೆಯಿಂದ ಹೊಡೆಯುತ್ತಾನೆ. ಮಾವುತನ ಹೊಡೆತವನ್ನು ಸಹಿಸಿದವಳು ಹೂವಿನ ಹೊಡೆತಕ್ಕೆ ಮೂರ್ಛೆ ಹೋಗುತ್ತಾಳೆ. ಅರಸನು ವ್ಯಂಗ್ಯದ ಮಾತಾಡುತ್ತಾನೆ. ಇಲ್ಲಿ ಕತ್ತಿಯ ಸ್ಥಾನಕ್ಕೆ ಹೂವು ಬಂದಿದೆ. ಆ ಬಳಿಕ ತಾಯಿಯ ಮುಂದೆ ಸತ್ಯವನ್ನು ಹೇಳಲಾರದೆ ಕೆಟ್ಟ ಕನಸೊಂದನ್ನು ಕಂಡೆನೆಂದು ಮರೆಸುತ್ತಾನೆ. ಚಂದ್ರಮತಿಯು ಕನಸಿನ ಕೇಡನ್ನು ಕಳೆಯಲು ಪ್ರಾಣಿಬಲಿಯಾಗಬೇಕೆನ್ನುತ್ತಾಳೆ. ಮಗನು ಹಿಂಸೆಗೆ ಒಪ್ಪದೆ, ತಾಯಿಯ ಮಾತನ್ನು ಮೀರಲೂ ಆರದೆ, ಹಿಟ್ಟಿನ ಹುಂಜವೆಂಬ ನಡುವಣ ದಾರಿಗೆ ಬರುತ್ತಾನೆ. ಹೂವಿನ ಸ್ಥಾನಕ್ಕೆ ಈಗ ಹಿಟ್ಟು ಬಂದಿತು. ಹೊಡೆಯಲ್ಪಡುವ ವಸ್ತು ಮೆಟ್ಟಿಲು ಮೆಟ್ಟಿಲಾಗಿ ಹಗುರವಾಗುತ್ತದೆ: ಮೊದಲು ಮನುಷ್ಯದೇಹ, ಆಮೇಲೆ ಹೂವಿನ ಆಟಕ್ಕೆ ಗುರಿಯಾದ ಹೆಣ್ಣು, ಕಡೆಗೆ ಜೀವವಿಲ್ಲದ ಹಿಟ್ಟಿನ ರೂಪ. ಹೊಡೆಯುವ ಸಂಕಲ್ಪ ಮಾತ್ರ ಹಗುರವಾಗುವುದಿಲ್ಲ. ಮಾವುತನ ಮೇಲೆ ಬೀಳದ ಕತ್ತಿ ಹಿಟ್ಟಿನ ಮೇಲೆ ಬಿದ್ದಿತೆಂದು ಹೇಳಬಹುದು.

ಹಿಟ್ಟಿನ ಹುಂಜಕ್ಕಾಗಿ ಇಷ್ಟು ಜನ್ಮಗಳ ಶಿಕ್ಷೆಯೇ ಎಂಬ ಆಕ್ಷೇಪ ಈ ಕಾವ್ಯದ ಓದುಗರಲ್ಲಿ ಮೂಡುವುದು ಸಹಜ. ನವಿಲು, ಮುಳ್ಳುಹಂದಿ, ಮೀನು, ಆಡು, ಕೋಳಿ ಎಂದು ಯಶೋಧರನ ಭವಾವಳಿ ಬೆಳೆಯುತ್ತದೆ; ಚಂದ್ರಮತಿಯದೂ ನಾಯಿ, ಹಾವು, ಮೊಸಳೆ ಮೊದಲಾಗಿ ಹಾಗೆಯೇ ಬೆಳೆಯುತ್ತದೆ. ಹುಂಜದ ಪ್ರಸಂಗವನ್ನು ಬಿಡಿಯಾಗಿ ನೋಡಿದಾಗ ಅಪರಾಧಕ್ಕೂ ಫಲಕ್ಕೂ ಅನುಪಾತವಿಲ್ಲದಂತೆ ತೋರುತ್ತದೆ. ಅಷ್ಟಾವಂಕನ ಪ್ರಸಂಗವನ್ನು ಅದರ ಹಿಂದೆ ಇರಿಸಿದಾಗ ಆಕ್ಷೇಪದ ಬಲ ಕುಂದುತ್ತದೆ. ಯಶೋಧರನು ದೇವಿಯ ಮುಂದೆ ತಂದುದು ಹಿಟ್ಟಿನ ಹುಂಜವನ್ನಷ್ಟೇ ಅಲ್ಲ, ಗಜಶಾಲೆಯ ಬಳಿ ಮುಗಿಯದೆ ಉಳಿದ ಕೊಲೆಯನ್ನೂ. ಸಂಕಲ್ಪಹಿಂಸೆ ಎಂಬ ಶಾಸ್ತ್ರದ ಮಾತಿಗೆ ಮನುಷ್ಯಸಹಜವಾದ ಹಿನ್ನೆಲೆಯೊಂದು ದೊರೆಯುವುದು ಈ ಕಿರುಪಾತ್ರದಿಂದ.

ಇದರಿಂದ ಮಾವುತನನ್ನು ನಿರಪರಾಧಿಯೆಂದು ಸಾರಿದಂತಾಗದು. ಅವನು ತನ್ನನ್ನು ಒಲಿದು ಬಂದ ಹೆಣ್ಣನ್ನು ಹೊಡೆಯುವವನು. ಅವಳ ದಾಸ್ಯವನ್ನು ತನ್ನ ಹಕ್ಕೆಂದು ತಿಳಿದವನು. ಅರಮನೆಯಲ್ಲಿ ಯಾರಿಗೂ ಎದುರು ನಿಲ್ಲಲಾರದ ವ್ಯಕ್ತಿಯು ಅರಮನೆಯ ಒಡತಿಯ ಮೇಲೆ ಕೈಮಾಡುವಲ್ಲಿ ಅಧಿಕಾರದ ವಿಪರ್ಯಯವೊಂದು ಇದೆ ನಿಜ. ಆದರೆ ಆ ವಿಪರ್ಯಯದಿಂದ ಹೊಡೆತದ ನೋವು ಕಡಮೆಯಾಗುವುದಿಲ್ಲ. ತುಳಿತಕ್ಕೊಳಗಾದವನ ಪ್ರತಿಭಟನೆಯೆಂದು ಇದನ್ನು ಹಾಡಿಹೊಗಳುವ ಓದೂ, ಕೀಳುಜನರ ಸ್ವಭಾವವೇ ಇಷ್ಟೆಂದು ತಳ್ಳಿಹಾಕುವ ಓದೂ ಪಠ್ಯದ ಅರ್ಧವನ್ನಷ್ಟೆ ಸ್ವೀಕರಿಸುತ್ತವೆ. ಇಂಪಾದ ದನಿಯೂ ಕ್ರೂರವಾದ ಕೈಯೂ ಒಬ್ಬನವೇ ಆಗಿರುವುದನ್ನು ಜನ್ನನು ಯಾವ ವಿವರಣೆಯನ್ನೂ ಕೊಡದೆ ಮುಂದಿಟ್ಟಿದ್ದಾನೆ. ಪಾತ್ರದ ಶಕ್ತಿ ಈ ಮೌನದಲ್ಲಿದೆ.

7

ಕಾವ್ಯದ ಚೌಕಟ್ಟಿನ ಕಥೆಯೊಡನೆ ಈ ಪ್ರಸಂಗಕ್ಕಿರುವ ಸಂಬಂಧವನ್ನೂ ಗಮನಿಸಬೇಕು. ಕಾವ್ಯದ ಆರಂಭದಲ್ಲಿ ಮಾರಿದತ್ತನು ಎಳೆಯರಿಬ್ಬರನ್ನು ಕೊಲ್ಲಲು ಸಿದ್ಧನಾಗಿ ನಿಂತಿದ್ದಾನೆ. ಕಾವ್ಯದ ನಡುವೆ ಯಶೋಧರನು ಇಬ್ಬರ ಮೇಲೆ ಕತ್ತಿಯೆತ್ತಿ ನಿಂತಿದ್ದಾನೆ. ಇಬ್ಬರು ಅರಸರೂ ಕತ್ತಿಯನ್ನು ಇಳಿಸುತ್ತಾರೆ. ಯಶೋಧರನು ಇಳಿಸಿದ್ದು ಎದುರಿಗಿದ್ದವರನ್ನು ಕೀಳಾಗಿ ಕಂಡುದರಿಂದ. ಮಾರಿದತ್ತನು ಇಳಿಸುವುದು ಎದುರಿಗಿದ್ದವರ ಕಥೆಯನ್ನು ಕೇಳಿದುದರಿಂದ. ಹೊರಗಿನಿಂದ ನೋಡಿದರೆ ಎರಡೂ ಅಹಿಂಸೆಯೇ. ಒಳಗಿನ ಕಾರಣ ಬೇರೆಯಾದುದರಿಂದ ಒಂದರ ಫಲ ಭವಾವಳಿ, ಇನ್ನೊಂದರ ಫಲ ಬಿಡುಗಡೆ. ಮಾವುತನ ಪ್ರಸಂಗವಿಲ್ಲದಿದ್ದರೆ ಮಾರಿದತ್ತನ ಪರಿವರ್ತನೆಯನ್ನು ಅಳೆಯುವುದಕ್ಕೆ ಓದುಗನ ಕೈಯಲ್ಲಿ ಒರೆಗಲ್ಲು ಇರುತ್ತಿರಲಿಲ್ಲ.

ಯಶೋಧರ ಚಂದ್ರಮತಿಯರ ಜನ್ಮಪರಂಪರೆಯನ್ನು ವಿಸ್ತರಿಸುವ, ಅಮೃತಮತಿಗೆ ರೋಗವನ್ನೂ ನರಕವನ್ನೂ ವಿಧಿಸುವ ಕವಿ ಅಷ್ಟಾವಂಕನಿಗೆ ಅಂಥ ಭವಾವಳಿಯನ್ನು ಕಲ್ಪಿಸುವುದಿಲ್ಲ. ನವಿಲಿನ ಜನ್ಮದಲ್ಲಿ ಯಶೋಧರನಿಗೆ ಹಿಂದಿನದು ನೆನಪಾಗಿ ಅವನು ಜಾರನ ಮೇಲೆರಗಿದಾಗ ಆ ಹಳೆಯ ಕತ್ತಿಯೇ ಕೊಕ್ಕಾಗಿ ಮರಳಿದಂತಿದೆ. ಅದರ ಫಲವಾಗಿ ಸಾಯುವುದು ನವಿಲೇ. ಕರ್ಮಸಿದ್ಧಾಂತದ ಕಟ್ಟುನಿಟ್ಟಾದ ಲೆಕ್ಕದಲ್ಲಿ ಮಾವುತನ ಪಾಲು ಹೀಗೆ ಬರೆಯದೆ ಉಳಿದಿರುವುದು ಕವಿಯ ಅಲಕ್ಷ್ಯವೂ ಆಗಿರಬಹುದು, ಉದ್ದೇಶವೂ ಆಗಿರಬಹುದು. ಯಾವುದೇ ಆದರೂ ಅದರ ಪರಿಣಾಮ ಒಂದೇ. ಕಥೆಯು ಓದುಗನ ದೃಷ್ಟಿಯನ್ನು ಜಾರನ ಶಿಕ್ಷೆಯ ಕಡೆಗೆ ಹರಿಯಗೊಡದೆ, ಕೊಲ್ಲಬಯಸಿದವನ ಮನಸ್ಸಿನ ಮೇಲೆಯೇ ನಿಲ್ಲಿಸುತ್ತದೆ.

ಏಳೂವರೆ ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಗಿರೀಶ ಕಾರ್ನಾಡರು (1938–2019) 'ಹಿಟ್ಟಿನ ಹುಂಜ' (1980) ನಾಟಕದಲ್ಲಿ ಈ ವಸ್ತುವನ್ನು ಎತ್ತಿಕೊಂಡರು. ಇದೇ ವಸ್ತುವನ್ನು ಅವರು ಮುಂದೆ ಇಂಗ್ಲಿಷಿನಲ್ಲಿ 'ಬಲಿ' ಎಂಬ ಹೆಸರಿನ ನಾಟಕವಾಗಿ ರೂಪಿಸಿದರು. ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರ ನಡುವೆ ಕಥೆ ಇಲ್ಲಿ ನಡೆಯುತ್ತದೆ. ಭವಾವಳಿಯನ್ನು ಬಿಟ್ಟುಕೊಟ್ಟು, ಒಂದು ಇರುಳಿನ ಬಿಗಿಯಲ್ಲಿ ಸಂಕಲ್ಪಹಿಂಸೆಯ ಪ್ರಶ್ನೆಯನ್ನು ನಾಟಕಕಾರರು ಎದುರಿಸಿದ್ದಾರೆ. ಕಾವ್ಯದ ಅಂಚಿನಲ್ಲಿದ್ದ ಮಾವುತನು ರಂಗದಲ್ಲಿ ಉಳಿದ ಮೂವರಿಗೆ ಸಮನಾಗಿ ನಿಂತು ಮಾತನಾಡುವ ಅವಕಾಶ ಪಡೆದಿದ್ದಾನೆ. ಈ ಬದಲಾವಣೆ ಆಧುನಿಕ ನಾಟಕಕಾರನ ಸಾಮಾಜಿಕ ಕಾಳಜಿಯಿಂದಷ್ಟೆ ಬಂದುದೆಂದು ಭಾವಿಸಬೇಕಾಗಿಲ್ಲ. ಕಥೆಯ ಪರಿವಾರವನ್ನೆಲ್ಲ ಕಳಚಿದರೂ ಮಾವುತನನ್ನು ಕಳಚಲು ಸಾಧ್ಯವಾಗಲಿಲ್ಲವೆಂಬುದು ಮೂಲಕಾವ್ಯದ ರಚನೆಯನ್ನು ಕುರಿತೇ ಒಂದು ಸಾಕ್ಷ್ಯ. ಅಲ್ಲಿ ಅಡಗಿದ್ದ ಆಧಾರವನ್ನು ನಾಟಕವು ಬಯಲಿಗೆ ತಂದಿತು. ಆದರೆ ಮಾತು ದೊರೆತಾಗ ಮಾವುತನ ಸುತ್ತಲಿನ ಮೌನ ಸಹಜವಾಗಿಯೇ ಕರಗುತ್ತದೆ. ಕತ್ತಲಲ್ಲಿ ಬರಿಯ ದನಿಯಾಗಿ ಕೇಳಿಸುವ ಜನ್ನನ ಅಷ್ಟಾವಂಕನಿಗಿರುವ ನಿಗೂಢತೆ ಬೇರೆಯದೇ ಆದುದು.

8

ಮೇಲಿನ ವಿವೇಚನೆಯಿಂದ ಅಷ್ಟಾವಂಕನ ಪಾತ್ರದ ಕಾರ್ಯವನ್ನು ಹೀಗೆ ಸಂಗ್ರಹಿಸಬಹುದು. ದನಿಯಾಗಿ ಬಂದು ಅವನು ಬಂಧಕ್ಕೆ ಕಾರಣ ಹೊರಗಿಲ್ಲವೆಂಬುದನ್ನು ತೋರಿಸುತ್ತಾನೆ. ಪರರ ಬಾಯಲ್ಲಿ ಮಾತ್ರ ಮೈಪಡೆದು, ಹೇಳುವವನ ಪ್ರಾಮಾಣಿಕತೆಗೆ ಪರೀಕ್ಷೆಯಾಗುತ್ತಾನೆ. ಕೊಲ್ಲಲ್ಪಡದೆ ಉಳಿದು, ಹಿಟ್ಟಿನ ಹುಂಜದ ಬಲಿಯ ನಿಜವಾದ ಅರ್ಥವನ್ನು ಹೊರಗೆಡಹುತ್ತಾನೆ. ಅಮೃತಮತಿಯ ಪತನಕ್ಕೆ ಉಪಕರಣ, ಯಶೋಧರನ ರೂಪಕ್ಕೆ ಎದುರುರೂಪ ಎಂಬ ರೂಢಿಯ ವಿವರಣೆಗಳು ಈ ಕಾರ್ಯದ ಹೊರಮೈಯನ್ನಷ್ಟೆ ಮುಟ್ಟುತ್ತವೆ.

ಜನ್ನನ ಕಾಲದ ದೋರಸಮುದ್ರದ ಜನರು ನಿತ್ಯ ಕಾಣುತ್ತಿದ್ದ ಒಂದು ದೃಶ್ಯ ಈ ಸಂದರ್ಭದಲ್ಲಿ ಉಲ್ಲೇಖನೀಯವಾದುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಎಲ್ಲಕ್ಕೂ ಕೆಳಗಿನ ಪಟ್ಟಿಕೆ ಆನೆಗಳದು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣಕಥೆಗಳು, ಮಕರ, ಹಂಸಗಳ ಸಾಲುಗಳು ಏರುತ್ತ ಹೋಗಿ ದೇವತಾಮೂರ್ತಿಗಳಲ್ಲಿ ಮುಗಿಯುತ್ತವೆ. ಬೇಲೂರಿನ ಚೆನ್ನಕೇಶವ ಗುಡಿಯ ಬುಡದಲ್ಲಿಯೂ ನೂರಾರು ಆನೆಗಳ ಸಾಲಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡಬರುವವರ ಕಣ್ಣು ಮೊದಲು ಹರಿಯುವುದು ಮೇಲಣ ಮೂರ್ತಿಗಳ ಕಡೆಗೇ. ಹಳೇಬೀಡಿನ ಆನೆಯ ಸಾಲಿನಲ್ಲಿ ಹಲವು ಆನೆಗಳ ಮೇಲೆ ಕುಳಿತಿರುವ, ಗೇಣುದ್ದವೂ ಇಲ್ಲದ ಆಳುಗಳ ಮುಖವನ್ನು ಬಗ್ಗಿ ನೋಡುವವರು ವಿರಳ. ಶಿಲ್ಪಕ್ಕೂ ಕಾವ್ಯಕ್ಕೂ ನೇರವಾದ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾದ ಅಗತ್ಯವಿಲ್ಲ. ಆದರೂ ಕಟ್ಟಡದ ಭಾರವನ್ನು ಹೊತ್ತಂತೆ ಕಾಣುವ ಎಡೆಯಲ್ಲಿಯೇ ಹೆಸರಿಲ್ಲದ ಮಾವುತನನ್ನು ಕೂರಿಸಿದ ನೆಲದಲ್ಲಿ, ಕಾವ್ಯದ ಭಾರವನ್ನು ಹೊರುವ ಎಡೆಯಲ್ಲಿ ಅಂಥವನೊಬ್ಬನನ್ನು ನಿಲ್ಲಿಸಿದ ಕವಿಯೂ ಇದ್ದನೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಹಳಗನ್ನಡ ಕಾವ್ಯಗಳ ದೂತಿ, ತಳವಾರ, ಸೂಳೆ, ಬೇಡ, ಮಾವುತ ಮೊದಲಾದ ಕಿರುಪಾತ್ರಗಳನ್ನು ಪರಿವಾರದ ಲೆಕ್ಕಕ್ಕೆ ಸೇರಿಸಿ ಬಿಡುವ ವಾಡಿಕೆಯನ್ನು ಪುನರ್ವಿಮರ್ಶಿಸುವ ಅಗತ್ಯವಿದೆ. ಕಾವ್ಯದ ತತ್ತ್ವ ನಾಯಕನ ಬಾಯಲ್ಲಿ ನುಡಿಯಾಗಬಹುದು. ಅದರ ಸತ್ಯ ಪರೀಕ್ಷೆಗೊಳಗಾಗುವುದು ಹಲವು ಸಲ ನಾಯಕನ ಕತ್ತಿಯ ಕೆಳಗೆ ನಿಂತವನ ಬಳಿ. ಯಶೋಧರ ಚರಿತೆಯ ಅಹಿಂಸಾತತ್ತ್ವವನ್ನು ಅರಿಯಬಯಸುವವರು ಚಂಡಮಾರಿಯ ಗುಡಿಯಿಂದ ಹೊರಟು ಗಜಶಾಲೆಯ ಕತ್ತಲನ್ನೂ ಒಮ್ಮೆ ಹೊಕ್ಕು ಬರಬೇಕಾಗುತ್ತದೆ.